ಸೊರಗಿದ ಸಾರ್ಸರರ್: ಐದನೇ ಆವೃತ್ತಿಯ ಮಾಂತ್ರಿಕ ಕ್ಲಾಸಿನ ದೋಷ ಪತ್ತೆ ಮತ್ತು ನಿವಾರಣೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನು 2014ರ ನಿಯಮಗಳ ಪ್ರಕಾರ ಆಡಿಸುತ್ತಿರುವ ಡಿಎಂಗಳಿಗಾಗಿ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಈ ಕೈಪಿಡಿಯನ್ನು ಬರೆಯಲಾಗಿದೆ. ತಂಡದ ಸಾರ್ಸರರ್ ಕ್ಲಾಸಿನ (ಜನ್ಮಜಾತ ಮಾಂತ್ರಿಕ ಎಂಬ ಪಾತ್ರವರ್ಗದ) ಪಾತ್ರವು ಅದೇ ಲೆವೆಲ್‌ನ ವಿಜರ್ಡ್, ಕ್ಲೆರಿಕ್ ಅಥವಾ ಬಾರ್ಡ್ ಪಾತ್ರಗಳ ಮುಂದೆ ಕಳೆಗುಂದುತ್ತಿದೆ ಎಂಬ ದೂರು ಬಂದಾಗ ಮೊದಲು ಏನನ್ನು ನೋಡಬೇಕು, ಯಾವುದನ್ನು ಅಳೆಯಬೇಕು, ಯಾವ ನಿಯಮವನ್ನು ಎಷ್ಟರ ಮಟ್ಟಿಗೆ ತಿದ್ದಬೇಕು ಎಂಬುದು ಇಲ್ಲಿನ ವಿಷಯ. 2024ರ ಪರಿಷ್ಕೃತ ನಿಯಮಗಳನ್ನು ಬಳಸುವವರು ಕೊನೆಯ ಭಾಗವನ್ನೇ ಮೊದಲು ಓದುವುದು ಒಳ್ಳೆಯದು, ಏಕೆಂದರೆ ಇಲ್ಲಿ ಸೂಚಿಸಿರುವ ತಿದ್ದುಪಡಿಗಳಲ್ಲಿ ಬಹುಪಾಲು ಅಲ್ಲಿ ಈಗಾಗಲೇ ಸೇರಿಕೊಂಡಿವೆ. ಗೊಂದಲವಾಗದಿರಲೆಂದು ಪಾತ್ರಕ್ಕೆ ‘ಲೆವೆಲ್’ ಎಂದೂ ಮಂತ್ರಕ್ಕೆ ಮತ್ತು ಸ್ಲಾಟ್‌ಗೆ (ಒಂದು ಮಂತ್ರ ಪ್ರಯೋಗಿಸಿದಾಗ ವ್ಯಯವಾಗುವ ಪಾಲಿಗೆ) ‘ದರ್ಜೆ’ ಎಂದೂ ಬರೆದಿದ್ದೇನೆ.

ದೂರು ಯಾವ ಬಗೆಯದು?

‘ಸಾರ್ಸರರ್‌ಗೆ ಬಲ ಸಾಲದು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಕಾಳಗದಲ್ಲಿ ತನ್ನ ಮಂತ್ರಗಳಿಂದ ಆಗುವ ಹಾನಿ ಕಡಿಮೆ ಎನ್ನುವುದು ಒಂದು. ಸಾರ್ಸರಿ ಪಾಯಿಂಟ್‌ಗಳು (ಮಂತ್ರ ಮಾರ್ಪಡಿಸಲು ಅಥವಾ ಸ್ಲಾಟ್ ಸೃಷ್ಟಿಸಲು ಸಾರ್ಸರರ್ ವ್ಯಯಿಸುವ ನಿಧಿ) ಬೇಗ ಮುಗಿದುಹೋಗಿ, ದಿನದ ಉಳಿದ ಭಾಗವನ್ನು ಸ್ಲಾಟ್ ಬೇಡದ ಪುಟ್ಟ ಮಂತ್ರವಾದ (ಕ್ಯಾಂಟ್ರಿಪ್) ಫೈರ್ ಬೋಲ್ಟ್ ಎಸೆಯುತ್ತಾ ಕಳೆಯಬೇಕಾಗುತ್ತದೆ ಎನ್ನುವುದು ಇನ್ನೊಂದು. ಬೀಗ ಹಾಕಿದ ಬಾಗಿಲು, ದಾಟಲಾಗದ ಹೊಳೆ, ಅರಿಯದ ಭಾಷೆಯ ಶಾಸನ ಎದುರಾದಾಗ ವಿಜರ್ಡ್ ತನ್ನ ಪುಸ್ತಕ ತಿರುವಿಹಾಕುತ್ತಾನೆ, ತಾನು ಮಾತ್ರ ಕೈಕಟ್ಟಿ ನಿಲ್ಲಬೇಕಾಗುತ್ತದೆ ಎನ್ನುವುದು ಮೂರನೆಯದು. ಈ ಮೂರಕ್ಕೂ ಕಾರಣಗಳು ಬೇರೆ, ಆದ್ದರಿಂದ ಪರಿಹಾರಗಳೂ ಬೇರೆ. ನನ್ನ ಅಭಿಪ್ರಾಯದಲ್ಲಿ ಕ್ಲಾಸಿನ ರಚನೆಯಲ್ಲೇ ಇರುವ ನಿಜವಾದ ದೋಷ ಮೂರನೆಯದು. ಎರಡನೆಯದಕ್ಕೆ ಅರ್ಧ ಕಾರಣ ನಿಯಮ, ಇನ್ನರ್ಧ ಆಟ ನಡೆಸುವ ರೀತಿ. ಮೊದಲನೆಯದನ್ನು ಅಳೆದು ನೋಡಿದರೆ ಸಾಮಾನ್ಯವಾಗಿ ದೋಷವೇ ಸಿಗುವುದಿಲ್ಲ. ಹೆಚ್ಚಿನ ಡಿಎಂಗಳು ಕೈಹಾಕುವುದು ಮಾತ್ರ ಆ ಮೊದಲನೆಯದಕ್ಕೇ. ಹಾನಿಯ ದಾಳಕ್ಕೆ ಇನ್ನೊಂದು ದಾಳ ಸೇರಿಸುವುದು ಸುಲಭ, ಅದರಿಂದ ಆಟಗಾರರಿಗೆ ತಕ್ಷಣ ಸಂತೋಷವೂ ಆಗುತ್ತದೆ. ಆದರೆ ಮೂಲ ದೂರು ಕೆಲವೇ ಸೆಷನ್‌ಗಳಲ್ಲಿ ಮರಳಿ ಬರುತ್ತದೆ.

ನಿಯಮ ಮುಟ್ಟುವ ಮೊದಲು

ಮೊದಲು ಪಾತ್ರದ ಹಾಳೆಯನ್ನು ತರಿಸಿ ನೋಡಬೇಕು. ಪಾಯಿಂಟ್‌ಗಳು ಲೆವೆಲ್‌ಗೆ ಸಮನಾಗಿವೆಯೇ, ಮೂರನೇ ಲೆವೆಲ್‌ನಲ್ಲಿ ಸಿಗುವ ಎರಡು ಮೆಟಾಮ್ಯಾಜಿಕ್ (ಪಾಯಿಂಟ್ ಕೊಟ್ಟು ಮಂತ್ರವನ್ನು ಮಾರ್ಪಡಿಸುವ) ಆಯ್ಕೆಗಳನ್ನು ಬರೆದುಕೊಂಡಿದ್ದಾರೆಯೇ, ಪ್ರತಿ ಲೆವೆಲ್ ಏರಿದಾಗ ಒಂದು ಹಳೆಯ ಮಂತ್ರವನ್ನು ಬಿಟ್ಟು ಹೊಸದನ್ನು ತೆಗೆದುಕೊಳ್ಳುವ ಅವಕಾಶವನ್ನು ಬಳಸಿದ್ದಾರೆಯೇ ಎಂಬುದನ್ನು ಪರಿಶೀಲಿಸಿ. ಒಂದನೇ ಲೆವೆಲ್‌ನಲ್ಲಿ ತೆಗೆದುಕೊಂಡ ಸ್ಲೀಪ್ ಮಂತ್ರ ಎಂಟನೇ ಲೆವೆಲ್‌ನಲ್ಲೂ ಹಾಳೆಯಲ್ಲಿ ಉಳಿದಿದ್ದರೆ, ಇರುವ ಒಂಬತ್ತು ಮಂತ್ರಗಳಲ್ಲಿ ಒಂದು ವ್ಯರ್ಥವಾದಂತೆ. ಆಯ್ದ ಮಂತ್ರಗಳೆಲ್ಲವೂ ಬೆಂಕಿ ಉಗುಳುವವೇ ಆಗಿದ್ದರೆ ಕಾಳಗದ ಹೊರಗೆ ಮಾಡಲು ಕೆಲಸವಿಲ್ಲದಿರುವುದಕ್ಕೆ ಕ್ಲಾಸನ್ನು ದೂರುವಂತಿಲ್ಲ.

ಎರಡನೆಯದಾಗಿ, ನಿಮ್ಮ ಟೇಬಲ್‌ನಲ್ಲಿ ಆಟದೊಳಗಿನ ಒಂದು ದಿನ ಹೇಗೆ ಸಾಗುತ್ತದೆ ಎಂಬುದನ್ನು ಗಮನಿಸಬೇಕು. 2014ರ ಡಿಎಂ ಮಾರ್ಗದರ್ಶಿಯ ಲೆಕ್ಕಾಚಾರವು ಒಂದು ಲಾಂಗ್ ರೆಸ್ಟ್‌ನಿಂದ (ರಾತ್ರಿಯ ಪೂರ್ಣ ವಿಶ್ರಾಂತಿ) ಇನ್ನೊಂದರ ನಡುವೆ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಮುಖಾಮುಖಿಗಳು, ಅವುಗಳ ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್‌ಗಳು (ಒಂದು ಗಂಟೆಯ ವಿಶ್ರಾಂತಿ) ಎಂಬ ಊಹೆಯ ಮೇಲೆ ನಿಂತಿದೆ. ದಿನಕ್ಕೆ ಒಂದೇ ದೊಡ್ಡ ಕಾಳಗ ನಡೆಯುವ ಟೇಬಲ್‌ನಲ್ಲಿ ಸಾರ್ಸರರ್ ತನ್ನೆಲ್ಲ ಪಾಯಿಂಟ್‌ಗಳನ್ನು ಆ ಒಂದು ಕಾಳಗಕ್ಕೇ ಸುರಿಯಬಹುದಾದ್ದರಿಂದ ಅಲ್ಲಿ ಅವನು ದುರ್ಬಲನಾಗಿ ಕಾಣುವುದು ಅಪರೂಪ. ಮಾರ್ಗದರ್ಶಿಯಲ್ಲಿ ಹೇಳಿದಷ್ಟೇ ಕಾಳಗಗಳಿರುವ, ಶಾರ್ಟ್ ರೆಸ್ಟ್‌ಗಳನ್ನು ತಪ್ಪದೆ ಕೊಡುವ ಟೇಬಲ್‌ನಲ್ಲಿ ಸ್ಥಿತಿ ಬೇರೆಯೇ ಆಗುತ್ತದೆ: ವಾರ್ಲಾಕ್‌ನ ಸ್ಲಾಟ್‌ಗಳು ಪ್ರತಿ ವಿಶ್ರಾಂತಿಗೂ ಮರಳುತ್ತವೆ, ವಿಜರ್ಡ್‌ಗೆ ದಿನಕ್ಕೊಮ್ಮೆ ಆರ್ಕೇನ್ ರಿಕವರಿ (ಕೆಲವು ಸ್ಲಾಟ್ ಮರಳಿ ಪಡೆಯುವ ಸಾಮರ್ಥ್ಯ) ಇದೆ, ಸಾರ್ಸರರ್‌ಗೆ ಇಪ್ಪತ್ತನೇ ಲೆವೆಲ್ ಮುಟ್ಟುವವರೆಗೂ ಏನೂ ಮರಳುವುದಿಲ್ಲ. ಆ ಇಪ್ಪತ್ತನೇ ಲೆವೆಲ್‌ನಲ್ಲಿ ಸಿಗುವುದೂ ಶಾರ್ಟ್ ರೆಸ್ಟ್‌ಗೆ ನಾಲ್ಕು ಪಾಯಿಂಟ್ ಮಾತ್ರ. ಅಷ್ಟು ದೂರ ಹೋಗುವ ಕ್ಯಾಂಪೇನ್‌ಗಳೇ ವಿರಳವಾಗಿರುವಾಗ ಅದು ಇದ್ದೂ ಇಲ್ಲದಂತೆಯೇ ಸರಿ.

ವೈಲ್ಡ್ ಮ್ಯಾಜಿಕ್ ಮೂಲದ (ಮೂಲ ಎಂದರೆ ಕ್ಲಾಸಿನ ಉಪವರ್ಗ) ಸಾರ್ಸರರ್ ಆಗಿದ್ದರೆ ಪರಿಶೀಲನೆ ಡಿಎಂ ಕಡೆಗೇ ತಿರುಗಬೇಕು. 2014ರ ನಿಯಮದ ಪ್ರಕಾರ ಒಂದನೇ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮಂತ್ರ ಪ್ರಯೋಗಿಸಿದ ಬಳಿಕ ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸುವಂತೆ ಡಿಎಂ ಹೇಳಬಹುದು. ಒಂದು ಬಿದ್ದರೆ ಮಾತ್ರ ಆಕಸ್ಮಿಕ ಪರಿಣಾಮಗಳ ಸರ್ಜ್ ಕೋಷ್ಟಕ. ಡಿಎಂ ನೆನಪಿಟ್ಟು ಪ್ರತಿ ಸಲ ಹೇಳಿದರೂ ಸಂಭವ ಶೇಕಡಾ 5. ಟೈಡ್ಸ್ ಆಫ್ ಕೇಯಾಸ್ (ಒಂದು ಉರುಳಿಕೆಗೆ ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯುವುದು) ಸಾಮರ್ಥ್ಯವನ್ನು ಲಾಂಗ್ ರೆಸ್ಟ್‌ಗೆ ಮೊದಲೇ ಮರಳಿಸುವುದೂ ಡಿಎಂ ಸರ್ಜ್ ಉರುಳಿಸಲು ಹೇಳಿದಾಗಲೇ. ಹೀಗಾಗಿ ಈ ಮೂಲದ ಅರ್ಧ ಬಲವೇ ಡಿಎಂ ಕೈಯಲ್ಲಿರುತ್ತದೆ. ನೂರೆಂಟು ಕೆಲಸಗಳ ನಡುವೆ ಡಿಎಂ ಅದನ್ನು ಮರೆತರೆ ಆಟಗಾರರ ಪಾಲಿಗೆ ಕ್ಲಾಸಿನ ಒಂದು ಭಾಗವೇ ಮಾಯವಾದಂತೆ. ಟೈಡ್ಸ್ ಬಳಸಿದ ಮೇಲೆ ಪ್ರಯೋಗಿಸುವ ಮುಂದಿನ ಮಂತ್ರಕ್ಕೆ ಸರ್ಜ್ ಖಚಿತ ಎಂದು ಟೇಬಲ್‌ನಲ್ಲಿ ನಿಗದಿಪಡಿಸಿಕೊಂಡರೆ ಬೇರೆ ತಿದ್ದುಪಡಿಯ ಅಗತ್ಯ ಬೀಳದಿರುವ ಸಾಧ್ಯತೆಯೂ ಇದೆ.

ಸಟಲ್ ಸ್ಪೆಲ್ ಬಗ್ಗೆಯೂ ಒಂದು ಮಾತು. ಒಂದು ಪಾಯಿಂಟ್ ಕೊಟ್ಟರೆ ಉಚ್ಚಾರಣೆ, ಕೈಸನ್ನೆ ಎರಡೂ ಇಲ್ಲದೆ ಮಂತ್ರ ಪ್ರಯೋಗಿಸಬಹುದೆಂದರೆ, ಅರಮನೆಯ ಸಭೆಯಲ್ಲಿ ಯಾರಿಗೂ ತಿಳಿಯದಂತೆ ಚಾರ್ಮ್ ಪರ್ಸನ್ ಹಾಕುವ ಸಾಮರ್ಥ್ಯ ಈ ಕ್ಲಾಸಿಗೆ ಇದೆ ಎಂದಾಯಿತು. ಆದರೆ ಡಿಎಂ ಸಾಮಾನ್ಯ ದಿನಗಳಲ್ಲಿ ಎಲ್ಲ ಮಾಂತ್ರಿಕರಿಗೂ ಸದ್ದಿಲ್ಲದೆ ಮಂತ್ರ ಹಾಕಲು ಬಿಡುತ್ತಿದ್ದರೆ ಆ ಒಂದು ಪಾಯಿಂಟ್‌ಗೆ ಬೆಲೆಯೇ ಉಳಿಯುವುದಿಲ್ಲ. ಇಲ್ಲಿ ಸಾರ್ಸರರ್‌ಗೆ ಹೊಸತೇನನ್ನೂ ಕೊಡಬೇಕಾಗಿಲ್ಲ. ಉಚ್ಚಾರಣೆಯ ನಿಯಮವನ್ನು ಉಳಿದವರಿಗೂ ಸರಿಯಾಗಿ ಅನ್ವಯಿಸಿದರೆ ಸಾಕು.

ಅಳತೆ

ಇಷ್ಟೆಲ್ಲ ನೋಡಿದ ಮೇಲೂ ದೂರು ಉಳಿದರೆ ಐದನೇ ಲೆವೆಲ್‌ನ ಇಬ್ಬರು ಮಾಂತ್ರಿಕರನ್ನು ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. ಇಬ್ಬರಿಗೂ ಒಂದನೇ ದರ್ಜೆಯ ನಾಲ್ಕು, ಎರಡನೇ ದರ್ಜೆಯ ಮೂರು, ಮೂರನೇ ದರ್ಜೆಯ ಎರಡು ಸ್ಲಾಟ್‌ಗಳಿವೆ. ಇಬ್ಬರ ಫೈರ್‌ಬಾಲ್‌ಗೂ ಎಂಟು ಡಿ6, ಅಂದರೆ ಸರಾಸರಿ 28 ಹಾನಿ. ಇಬ್ಬರ ಫೈರ್ ಬೋಲ್ಟ್‌ಗೂ ಎರಡು ಡಿ10, ಸರಾಸರಿ 11. ಹಾನಿಯ ದೂರು ಇಲ್ಲಿಗೇ ಮುಗಿಯುತ್ತದೆ. ಆರನೇ ಲೆವೆಲ್‌ನಿಂದ ಡ್ರಾಕೋನಿಕ್ ಮೂಲದವರು ತಮ್ಮ ಬಗೆಯ ಹಾನಿಗೆ ಕರಿಸ್ಮಾ ಮಾಡಿಫೈಯರನ್ನು (ಕರಿಸ್ಮಾ ಅಂಕದಿಂದ ಬರುವ ಹೆಚ್ಚಳವನ್ನು) ಸೇರಿಸಿಕೊಳ್ಳುವುದರಿಂದ ಈ ವಿಷಯದಲ್ಲಿ ಸಾರ್ಸರರ್ ತುಸು ಮುಂದೆಯೇ ಇದ್ದಾನೆ. ಕಾನ್‌ಸ್ಟಿಟ್ಯೂಷನ್ ಸೇವ್‌ನಲ್ಲಿ (ದೇಹದಾರ್ಢ್ಯದಿಂದ ಕೆಟ್ಟ ಪರಿಣಾಮ ತಡೆಯಲು ಉರುಳಿಸುವ ದಾಳ) ಪರಿಣತಿ ಇರುವುದರಿಂದ ಏಟು ತಿಂದಾಗಲೂ ಕಾನ್‌ಸನ್‌ಟ್ರೇಶನ್ (ನಡೆಯುತ್ತಿರುವ ಮಂತ್ರವನ್ನು ಹಿಡಿದಿಡುವ ಏಕಾಗ್ರತೆ) ಉಳಿಸಿಕೊಳ್ಳುವಲ್ಲಿಯೂ ವಿಜರ್ಡ್‌ಗಿಂತ ಗಟ್ಟಿ. ತಿದ್ದುವಾಗ ಇವೆರಡನ್ನೂ ಮರೆಯಬಾರದು.

ಈಗ ಮಂತ್ರಗಳ ಸಂಖ್ಯೆಗೆ ಬರೋಣ. ಐದನೇ ಲೆವೆಲ್‌ನ ಸಾರ್ಸರರ್‌ಗೆ ಕ್ಯಾಂಟ್ರಿಪ್‌ಗಳನ್ನು ಬಿಟ್ಟರೆ ಗೊತ್ತಿರುವುದು ಆರು ಮಂತ್ರಗಳು. ಇಂಟೆಲಿಜೆನ್ಸ್ 18 ಇರುವ ವಿಜರ್ಡ್ ಒಂಬತ್ತನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಅವನ ಪುಸ್ತಕದಲ್ಲಿ ಕಡಿಮೆಯೆಂದರೂ ಹದಿನಾಲ್ಕು ಇರುತ್ತವೆ. ಪ್ರತಿ ಲಾಂಗ್ ರೆಸ್ಟ್ ಬಳಿಕ ಆಯ್ಕೆ ಬದಲಿಸಬಹುದು. ಸುರುಳಿ ಸಿಕ್ಕರೆ ದರ್ಜೆಗೆ 50 ಚಿನ್ನದ ನಾಣ್ಯ ಮತ್ತು ಎರಡು ಗಂಟೆ ಖರ್ಚು ಮಾಡಿ ನಕಲಿಳಿಸಿಕೊಳ್ಳಬಹುದು. ಪುಸ್ತಕದಲ್ಲಿರುವ ರಿಚುವಲ್ (ನಿಧಾನವಾಗಿ, ವಿಧಿಪೂರ್ವಕವಾಗಿ ಹಾಕಬಹುದಾದ) ಮಂತ್ರಗಳನ್ನು ಸಿದ್ಧಪಡಿಸದೆಯೂ, ಸ್ಲಾಟ್ ವ್ಯಯಿಸದೆಯೂ ಪ್ರಯೋಗಿಸಬಹುದು. ಲೆವೆಲ್ ಏರಿದಂತೆ ಈ ಅಂತರ ಕಡಿಮೆಯಾಗುವ ಬದಲು ಹಿಗ್ಗುತ್ತದೆ. ಹನ್ನೊಂದನೇ ಲೆವೆಲ್‌ವರೆಗೆ ಲೆವೆಲ್‌ಗೊಂದರಂತೆ ಬರುತ್ತಿದ್ದ ಸಾರ್ಸರರ್‌ನ ಹೊಸ ಮಂತ್ರ ಆಮೇಲೆ ಎರಡು ಲೆವೆಲ್‌ಗೊಮ್ಮೆ ಬರುತ್ತದೆ, ಹದಿನೇಳನೇ ಲೆವೆಲ್‌ನಲ್ಲಿ ಹದಿನೈದಕ್ಕೆ ನಿಂತೇಬಿಡುತ್ತದೆ. ಇಪ್ಪತ್ತನೇ ಲೆವೆಲ್‌ನ ವಿಜರ್ಡ್ ಪುಸ್ತಕದಲ್ಲಿ, ಒಂದೇ ಒಂದು ಸುರುಳಿಯನ್ನೂ ನಕಲಿಳಿಸದಿದ್ದರೂ, ನಲವತ್ತನಾಲ್ಕು ಮಂತ್ರಗಳಿರುತ್ತವೆ.

ಇದಕ್ಕೆ ಪ್ರತಿಯಾಗಿ ಸಾರ್ಸರರ್‌ಗೆ ಪಾಯಿಂಟ್‌ಗಳಿವೆಯಲ್ಲ ಎಂದು ಕೇಳಬಹುದು. ಆ ಲೆಕ್ಕವನ್ನೂ ಮಾಡಿ. ಐದನೇ ಲೆವೆಲ್‌ನಲ್ಲಿ ಇರುವುದು ಐದು ಪಾಯಿಂಟ್. ಅವುಗಳಿಂದ ಮೂರನೇ ದರ್ಜೆಯ ಸ್ಲಾಟ್ ಸೃಷ್ಟಿಸಲು ಬೇಕಾಗುವುದು ಸರಿಯಾಗಿ ಐದು. ಅದೇ ಲೆವೆಲ್‌ನ ವಿಜರ್ಡ್ ಆರ್ಕೇನ್ ರಿಕವರಿಯಿಂದ ಒಟ್ಟು ಮೂರು ದರ್ಜೆಯಷ್ಟು ಸ್ಲಾಟ್ ಮರಳಿ ಪಡೆಯುತ್ತಾನೆ, ಅಂದರೆ ಮೂರನೇ ದರ್ಜೆಯ ಒಂದು ಸ್ಲಾಟ್. ವಿಜರ್ಡ್‌ಗೆ ಒಂದು ಗಂಟೆಯ ವಿಶ್ರಾಂತಿ ಬೇಕು, ಸಾರ್ಸರರ್‌ಗೆ ಒಂದು ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಚುಟುಕು ಕ್ರಿಯೆ) ಸಾಕು ಎಂಬ ವ್ಯತ್ಯಾಸವನ್ನು ಒಪ್ಪಿಕೊಂಡರೂ, ಸಾರ್ಸರರ್ ಕ್ಲಾಸಿನ ಹೆಗ್ಗುರುತಾದ ಇಡೀ ನಿಧಿಯು ವಿಜರ್ಡ್‌ಗೆ ಒಂದನೇ ಲೆವೆಲ್‌ನಲ್ಲೇ ಸಿಗುವ ಒಂದು ಪುಟ್ಟ ಸಾಮರ್ಥ್ಯಕ್ಕೆ ಸಮನಾಗಿಬಿಡುತ್ತದೆ. ಪಾಯಿಂಟ್‌ಗಳನ್ನು ಮೆಟಾಮ್ಯಾಜಿಕ್‌ಗೆ ಬಳಸಿದರೆ ಸ್ಲಾಟ್ ಇಲ್ಲ, ಸ್ಲಾಟ್‌ಗೆ ಬಳಸಿದರೆ ಮೆಟಾಮ್ಯಾಜಿಕ್ ಇಲ್ಲ.

ದೋಷದ ಬೇರು

ಈ ಅಸಮತೋಲನ ಆಕಸ್ಮಿಕವಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಸಾರ್ಸರರ್ ಕ್ಲಾಸ್ ವಿಜರ್ಡ್‌ಗೆ ಪರ್ಯಾಯವಾಗಿ ಸೇರಿದಾಗ ಅದರ ಹಿಂದೆ ಸ್ಪಷ್ಟವಾದ ಒಂದು ಕೊಡುಕೊಳ್ಳುವಿಕೆ ಇತ್ತು. ಅಂದಿನ ವಿಜರ್ಡ್ ಬೆಳಿಗ್ಗೆಯೇ ಯಾವ ಮಂತ್ರವನ್ನು ಎಷ್ಟು ಸಲ ಪ್ರಯೋಗಿಸುವೆನೆಂದು ನಿರ್ಧರಿಸಬೇಕಿತ್ತು. ಎರಡು ಫೈರ್‌ಬಾಲ್ ಬೇಕಾದರೆ ಅದನ್ನು ಎರಡು ಸಲ ಸಿದ್ಧಪಡಿಸಿಕೊಳ್ಳಬೇಕಿತ್ತು. ಸಾರ್ಸರರ್‌ಗೆ ಗೊತ್ತಿದ್ದ ಮಂತ್ರಗಳು ಕೆಲವೇ, ಹೊಸ ದರ್ಜೆಗಳು ಒಂದು ಲೆವೆಲ್ ತಡವಾಗಿ ಸಿಗುತ್ತಿದ್ದವು. ಆದರೆ ಗೊತ್ತಿರುವುದನ್ನು ಬೇಕೆಂದಾಗ ಬೇಕಾದಷ್ಟು ಸಲ, ದಿನಕ್ಕೆ ಹೆಚ್ಚು ಸ್ಲಾಟ್‌ಗಳೊಂದಿಗೆ ಪ್ರಯೋಗಿಸಬಹುದಿತ್ತು. 2014ರಲ್ಲಿ ಆ ಸ್ವಾತಂತ್ರ್ಯ ಎಲ್ಲರದೂ ಆಯಿತು: ಸಿದ್ಧಪಡಿಸಿದ ಯಾವ ಮಂತ್ರವನ್ನಾದರೂ ಅದರ ದರ್ಜೆಯ ಅಥವಾ ಅದಕ್ಕಿಂತ ಮೇಲಿನ ಯಾವ ಸ್ಲಾಟ್‌ನಿಂದಾದರೂ ವಿಜರ್ಡ್ ಪ್ರಯೋಗಿಸಬಲ್ಲ. ಸ್ಲಾಟ್‌ಗಳ ಸಂಖ್ಯೆಯೂ ಸಮನಾಯಿತು. ಸಾರ್ಸರರ್ ತೆರುತ್ತಿದ್ದ ಬೆಲೆ, ಅಂದರೆ ಮಂತ್ರಗಳ ಕೊರತೆ, ಮಾತ್ರ ಹಾಗೆಯೇ ಉಳಿಯಿತು. ಮೆಟಾಮ್ಯಾಜಿಕ್ ಆ ನಷ್ಟವನ್ನು ತುಂಬಲು ಇಟ್ಟದ್ದು ಎಂದು ಓದಿಕೊಳ್ಳಬಹುದು. ಆದರೆ ಅದು ಇರುವ ಮಂತ್ರವನ್ನು ಹಿಗ್ಗಿಸಬಲ್ಲದೇ ಹೊರತು ಇಲ್ಲದ ಮಂತ್ರವನ್ನು ತಂದುಕೊಡಲಾರದು.

ಮೊದಲ ತಿದ್ದುಪಡಿ: ಮೂಲಕ್ಕೊಂದು ಮಂತ್ರಪಟ್ಟಿ

ಆದ್ದರಿಂದ ಮೊದಲು ಸರಿಪಡಿಸಬೇಕಾದದ್ದು ಮಂತ್ರಗಳ ಸಂಖ್ಯೆಯನ್ನು. ಇದಕ್ಕೆ ಮಾದರಿ ಪ್ರಕಟಿತ ನಿಯಮಗಳಲ್ಲೇ ಇದೆ. 2020ರ ತಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್ ಪುಸ್ತಕದಲ್ಲಿ ಬಂದ ಅಬೆರಂಟ್ ಮೈಂಡ್ ಮತ್ತು ಕ್ಲಾಕ್‌ವರ್ಕ್ ಸೋಲ್ ಮೂಲಗಳಿಗೆ ಒಂಬತ್ತನೇ ಲೆವೆಲ್ ಹೊತ್ತಿಗೆ ತಲಾ ಹತ್ತರಷ್ಟು ಹೆಚ್ಚುವರಿ ಮಂತ್ರಗಳು ಸಿಗುತ್ತವೆ. ಗೊತ್ತಿರುವ ಮಂತ್ರಗಳ ಮಿತಿಗೆ ಅವು ಲೆಕ್ಕವಲ್ಲ. ಆ ಎರಡು ಮೂಲಗಳು ಬಂದ ಮೇಲೆ 2014ರ ಡ್ರಾಕೋನಿಕ್ ಮತ್ತು ವೈಲ್ಡ್ ಮ್ಯಾಜಿಕ್ ಮೂಲಗಳು ಇನ್ನಷ್ಟು ಬಡವಾಗಿ ಕಾಣತೊಡಗಿದವು. ನಿಮ್ಮ ಟೇಬಲ್‌ನ ಸಾರ್ಸರರ್ ತಾಶಾ ಪುಸ್ತಕದ ಆ ಎರಡು ಮೂಲಗಳಲ್ಲಿ ಒಂದಕ್ಕೆ ಸೇರಿದ್ದರೆ ಈ ತಿದ್ದುಪಡಿಯನ್ನು ಮಾಡಲೇಬೇಡಿ. ಅವರಿಗೆ ಅದು ಆಗಲೇ ಸಿಕ್ಕಿದೆ.

ಉಳಿದ ಮೂಲಗಳಿಗೆ ಒಂದು, ಮೂರು, ಐದು, ಏಳು, ಒಂಬತ್ತನೇ ಲೆವೆಲ್‌ಗಳಲ್ಲಿ ಎರಡೆರಡರಂತೆ ಹತ್ತು ಮಂತ್ರಗಳ ಪಟ್ಟಿ ಕಟ್ಟಿಕೊಡಿ. ಪಟ್ಟಿ ಕಟ್ಟುವಾಗ ಎರಡು ಕಟ್ಟುಪಾಡು ಇರಲಿ: ಹತ್ತರಲ್ಲಿ ಅರ್ಧದಷ್ಟಾದರೂ ನೇರ ಹಾನಿ ಮಾಡದವುಗಳಾಗಿರಬೇಕು, ಎರಡು ಮೂರಾದರೂ ಸಾರ್ಸರರ್‌ನ ಸ್ವಂತ ಪಟ್ಟಿಯ ಹೊರಗಿನವಾಗಿರಬೇಕು. ಸ್ಟಾರ್ಮ್ ಸಾರ್ಸರಿ ಮೂಲಕ್ಕೆ ನಾನು ಕೊಡುವ ಪಟ್ಟಿ ಹೀಗಿದೆ: ಒಂದನೇ ದರ್ಜೆಯಲ್ಲಿ ಫಾಗ್ ಕ್ಲೌಡ್ ಮತ್ತು ಥಂಡರ್‌ವೇವ್, ಎರಡರಲ್ಲಿ ಗಸ್ಟ್ ಆಫ್ ವಿಂಡ್ ಮತ್ತು ಶ್ಯಾಟರ್, ಮೂರರಲ್ಲಿ ಕಾಲ್ ಲೈಟ್ನಿಂಗ್ ಮತ್ತು ಸ್ಲೀಟ್ ಸ್ಟಾರ್ಮ್, ನಾಲ್ಕರಲ್ಲಿ ಕಂಟ್ರೋಲ್ ವಾಟರ್ ಮತ್ತು ಐಸ್ ಸ್ಟಾರ್ಮ್, ಐದರಲ್ಲಿ ಕಾಂಜ್ಯೂರ್ ಎಲಿಮೆಂಟಲ್ ಮತ್ತು ಕೋನ್ ಆಫ್ ಕೋಲ್ಡ್. ಹೊಳೆ ಅಡ್ಡಬಂದಾಗ ಕಂಟ್ರೋಲ್ ವಾಟರ್ ಇರುವ ಪಾತ್ರ ಕೈಕಟ್ಟಿ ನಿಲ್ಲುವುದಿಲ್ಲ. ಪಟ್ಟಿಯ ಮಂತ್ರಗಳನ್ನು ಬದಲಿಸಿಕೊಳ್ಳಲು ಬಿಡದಿರುವುದು ಮೇಲು. ಬಿಟ್ಟರೆ ಆಟಗಾರರು ಅವುಗಳ ಜಾಗದಲ್ಲಿ ಶೀಲ್ಡ್, ಕೌಂಟರ್‌ಸ್ಪೆಲ್ ಮುಂತಾದ ಖ್ಯಾತ ಮಂತ್ರಗಳನ್ನೇ ತುಂಬಿಕೊಂಡು, ಎಲ್ಲ ಮೂಲಗಳ ಸಾರ್ಸರರ್‌ಗಳೂ ಒಂದೇ ಥರ ಆಗಿಬಿಡುತ್ತಾರೆ.

ವಿಜರ್ಡ್‌ನ ಇಡೀ ಮಂತ್ರಪಟ್ಟಿಯನ್ನು ತೆರೆದುಬಿಡುವುದು ಇದಕ್ಕೆ ಪರ್ಯಾಯವಲ್ಲ. ಕೊರತೆ ಇರುವುದು ಗೊತ್ತಿರುವ ಮಂತ್ರಗಳ ಸಂಖ್ಯೆಯಲ್ಲಿ. ಆರು ಮಂತ್ರ ಮಾತ್ರ ಗೊತ್ತಿರುವವರಿಗೆ ಆಯ್ಕೆಯ ಕಣಜ ದೊಡ್ಡದಾದರೂ ಚೀಲ ಅಷ್ಟೇ ಚಿಕ್ಕದು.

ಎರಡನೆಯದು: ಪಾಯಿಂಟ್‌ಗಳ ಮರಳಿಕೆ

ಮಂತ್ರಪಟ್ಟಿ ಕೊಟ್ಟು ಕೆಲವು ಸೆಷನ್ ಆಡಿದ ಮೇಲೂ ಪಾಯಿಂಟ್ ಸಾಲದೆಂಬ ದೂರು ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. ಇಪ್ಪತ್ತನೇ ಲೆವೆಲ್‌ನ ಸಾಮರ್ಥ್ಯವನ್ನು ಐದನೇ ಲೆವೆಲ್‌ಗೆ ಇಳಿಸಿ, ಶಾರ್ಟ್ ರೆಸ್ಟ್ ಮುಗಿದಾಗ ಲೆವೆಲ್‌ನ ಅರ್ಧದಷ್ಟು ಪಾಯಿಂಟ್‌ಗಳು ಮರಳುವಂತೆ, ಆದರೆ ಲಾಂಗ್ ರೆಸ್ಟ್ ಆಗುವವರೆಗೆ ಒಂದೇ ಸಲ ಬಳಸುವಂತೆ ಮಾಡಿ. ಅರ್ಧ ಬಂದರೆ ಕೆಳಗಿನ ಪೂರ್ಣಾಂಕ. ಐದನೇ ಲೆವೆಲ್‌ನಲ್ಲಿ ಇದು ಎರಡೇ ಪಾಯಿಂಟ್. ಒಂದು ಕ್ವಿಕನ್ಡ್ ಸ್ಪೆಲ್‌ಗೆ (ಬೋನಸ್ ಆಕ್ಷನ್‌ನಲ್ಲೇ ಮಂತ್ರ ಹಾಕುವ ಮೆಟಾಮ್ಯಾಜಿಕ್) ಸಾಕು, ಮೂರನೇ ದರ್ಜೆಯ ಸ್ಲಾಟ್‌ಗೆ ಸಾಲದು. ಆ ಪ್ರಮಾಣ ಸರಿಯಾಗಿಯೇ ಇದೆ.

ಕ್ವಿಕನ್ಡ್ ಬಳಸುವ ಟೇಬಲ್‌ಗಳಲ್ಲಿ ಒಂದು ಸಾಮಾನ್ಯ ತಪ್ಪನ್ನು ಇದೇ ಹೊತ್ತಿಗೆ ತಿದ್ದಿಕೊಳ್ಳಬೇಕು. 2014ರ ನಿಯಮದಲ್ಲಿ ಬೋನಸ್ ಆಕ್ಷನ್‌ನಿಂದ ಮಂತ್ರ ಪ್ರಯೋಗಿಸಿದ ಸರದಿಯಲ್ಲಿ ಮತ್ತೊಂದು ಮಂತ್ರ ಹಾಕುವುದಾದರೆ ಅದು ಒಂದು ಆಕ್ಷನ್ ಹಿಡಿಯುವ ಕ್ಯಾಂಟ್ರಿಪ್ ಮಾತ್ರ ಆಗಿರಬೇಕು. ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್ ಎಸೆಯಲು ಬಿಟ್ಟಿದ್ದರೆ ಆ ಟೇಬಲ್‌ನ ಸಾರ್ಸರರ್ ದುರ್ಬಲನೂ ಅಲ್ಲ, ಅವನ ಪಾಯಿಂಟ್‌ಗಳು ಬೇಗ ಮುಗಿಯುವುದರಲ್ಲಿ ಸೋಜಿಗವೂ ಇಲ್ಲ.

ವಾರ್ಲಾಕ್ ಜೊತೆ ಮಲ್ಟಿಕ್ಲಾಸ್ ಮಾಡಿದ (ಎರಡೂ ಕ್ಲಾಸ್‌ಗಳಲ್ಲಿ ಲೆವೆಲ್ ಪಡೆದ) ಸಾರ್ಸರರ್ ಇದ್ದರೆ ಎಚ್ಚರ ಬೇಕು. ಶಾರ್ಟ್ ರೆಸ್ಟ್‌ಗೆ ಮರಳುವ ವಾರ್ಲಾಕ್‌ನ ಪ್ಯಾಕ್ಟ್ ಸ್ಲಾಟ್‌ಗಳನ್ನು ಪಾಯಿಂಟ್ ಮಾಡಿ, ಆ ಪಾಯಿಂಟ್‌ಗಳನ್ನು ಮತ್ತೆ ಸ್ಲಾಟ್ ಮಾಡಿ, ಲಾಂಗ್ ರೆಸ್ಟ್ ತೆಗೆದುಕೊಳ್ಳದೆಯೇ ಕೂಡಿಡುತ್ತಾ ಹೋಗುವ ಯುಕ್ತಿ ಆಟಗಾರರ ನಡುವೆ ‘ಕಾಫಿಲಾಕ್’ ಎಂಬ ಹೆಸರಿನಿಂದ ಪ್ರಸಿದ್ಧ. ಪ್ಯಾಕ್ಟ್ ಸ್ಲಾಟ್‌ಗಳು ಪಾಯಿಂಟ್ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಮೂರನೆಯದು: ಮೆಟಾಮ್ಯಾಜಿಕ್

ಇದನ್ನು ಕೊನೆಗಿಟ್ಟಿರುವುದು ಉದ್ದೇಶಪೂರ್ವಕ. ಬಹಳಷ್ಟು ಟೇಬಲ್‌ಗಳು ಇಲ್ಲಿಯವರೆಗೆ ಬರಬೇಕಾಗಿಯೇ ಇಲ್ಲ. ಮೂರನೇ ಲೆವೆಲ್‌ನಲ್ಲಿ ಎರಡು, ಹತ್ತರಲ್ಲಿ ಮೂರನೆಯದು, ಹದಿನೇಳರಲ್ಲಿ ನಾಲ್ಕನೆಯದು ಎಂಬ ಕ್ರಮದಲ್ಲಿ ನಡುವಿನ ಏಳು ಲೆವೆಲ್‌ಗಳ ಅಂತರ ದೀರ್ಘವಾದದ್ದು, ಆದ್ದರಿಂದ ಆರನೇ ಲೆವೆಲ್‌ನಲ್ಲಿ ಒಂದನ್ನು ಹೆಚ್ಚಾಗಿ ಕೊಟ್ಟರೆ ಏನೂ ಕೆಡುವುದಿಲ್ಲ. ಕೇರ್‌ಫುಲ್ ಸ್ಪೆಲ್ ನಿಜಕ್ಕೂ ತಿದ್ದುಪಡಿ ಬೇಡುತ್ತದೆ: ಅದು ಆಯ್ದ ಸಂಗಾತಿಗಳ ಸೇವ್ ಗೆಲ್ಲಿಸುತ್ತದೆ, ಆದರೆ ಫೈರ್‌ಬಾಲ್‌ನಲ್ಲಿ ಸೇವ್ ಗೆದ್ದರೂ ಅರ್ಧ ಹಾನಿ ತಪ್ಪುವುದಿಲ್ಲ. ಸಂಗಾತಿಗಳನ್ನು ಅರ್ಧ ಸುಡುವ ಎಚ್ಚರಿಕೆಗೆ ಒಂದು ಪಾಯಿಂಟ್ ಕೇಳುವುದು ಅನ್ಯಾಯ. ಅವರಿಗೆ ಹಾನಿಯೇ ಇಲ್ಲವೆಂದು ಬದಲಿಸಿ.

ಟ್ವಿನ್ಡ್ ಸ್ಪೆಲ್ (ಒಂದೇ ಗುರಿಯ ಮಂತ್ರವನ್ನು ಇಬ್ಬರ ಮೇಲೆ ಹಾಕುವುದು) ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನದು. ಮೂರು ಪಾಯಿಂಟ್‌ಗೆ ಇಬ್ಬರು ಯೋಧರ ಮೇಲೆ ಒಂದೇ ಕಾನ್‌ಸನ್‌ಟ್ರೇಶನ್‌ನಲ್ಲಿ ಹೇಸ್ಟ್ (ವೇಗ ಹೆಚ್ಚಿಸುವ ಮಂತ್ರ) ಹಾಕುವುದು 2014ರ ಸಾರ್ಸರರ್‌ನ ಅತ್ಯಂತ ಬಲವಾದ ಪ್ರಯೋಗಗಳಲ್ಲಿ ಒಂದು. ಎರಡನೇ ತಿದ್ದುಪಡಿಯಿಂದ ಪಾಯಿಂಟ್‌ಗಳು ಹೆಚ್ಚಾದ ಮೇಲೆ ಇದು ದಿನಕ್ಕೆ ಹೆಚ್ಚು ಸಲ ಬರತೊಡಗುತ್ತದೆ. ಅದು ಕಂಡುಬಂದರೆ ಟ್ವಿನ್ಡ್ ಬೆಲೆಯನ್ನು ಏರಿಸುವ ಬದಲು ಪಾಯಿಂಟ್ ಮರಳಿಕೆಯನ್ನೇ ಹಿಂತೆಗೆದುಕೊಳ್ಳುವುದು ಸರಿ ಎಂದು ನನಗನಿಸುತ್ತದೆ, ಏಕೆಂದರೆ ಅಂಥ ಟೇಬಲ್‌ನಲ್ಲಿ ಪಾಯಿಂಟ್ ಕೊರತೆ ಇರಲೇ ಇಲ್ಲ ಎಂದು ಅದೇ ತೋರಿಸಿಕೊಡುತ್ತದೆ.

ಪರೀಕ್ಷೆ

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಮೂರನ್ನೂ ಒಟ್ಟಿಗೆ ಜಾರಿಗೆ ತಂದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ, ಹಿಂದಕ್ಕೆ ಸರಿಯುವುದೂ ಕಷ್ಟವಾಗುತ್ತದೆ. ಕೊಟ್ಟದ್ದನ್ನು ಮರಳಿ ಪಡೆಯುವ ಸಾಧ್ಯತೆ ಇದೆಯೆಂದು ಆಟಗಾರರಿಗೆ ಆರಂಭದಲ್ಲೇ ತಿಳಿಸಿರಬೇಕು. ತಂಡದ ವಿಜರ್ಡ್ ಆಡುವವರ ಎದುರಿಗೇ ತಿಳಿಸುವುದು ಇನ್ನೂ ಒಳ್ಳೆಯದು. ತಿದ್ದುಪಡಿಯನ್ನು ಲೆವೆಲ್ ಏರುವ ಸಮಯದಲ್ಲಿ ತಂದರೆ ಕಥೆಗೂ ತೊಡಕಾಗುವುದಿಲ್ಲ.

ಪ್ರತಿ ಲಾಂಗ್ ರೆಸ್ಟ್ ಹೊತ್ತಿಗೆ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಎಷ್ಟು ಬೇರೆ ಬೇರೆ ಮಂತ್ರಗಳ ಪ್ರಯೋಗವಾಯಿತು, ಎಷ್ಟು ಪಾಯಿಂಟ್ ಉಳಿದವು, ಕಾಳಗದ ಹೊರಗಿನ ಯಾವ ತೊಡಕನ್ನು ಸಾರ್ಸರರ್ ಬಿಡಿಸಿದನು. ದಿನದ ಕೊನೆಗೆ ಪಾಯಿಂಟ್‌ಗಳು ಉಳಿಯುತ್ತಿದ್ದೂ ದೂರು ನಿಲ್ಲದಿದ್ದರೆ ಕೊರತೆ ಪಾಯಿಂಟ್‌ಗಳದ್ದಲ್ಲ. ಪಟ್ಟಿ ಕೊಟ್ಟ ಮೇಲೂ ಎರಡೇ ಮಂತ್ರಗಳ ಪುನರಾವರ್ತನೆ ನಡೆಯುತ್ತಿದ್ದರೆ ಕ್ಯಾಂಪೇನ್ ಆ ಎರಡನ್ನು ಬಿಟ್ಟು ಬೇರೇನನ್ನೂ ಬೇಡುತ್ತಿಲ್ಲ ಎಂದರ್ಥ. ಆಗ ತಿದ್ದಬೇಕಾದದ್ದು ಸಾಹಸದ ರಚನೆ. ವಿಜರ್ಡ್ ಆಡುವವರು ಗೊಣಗತೊಡಗಿದರೆ ಮೆಟಾಮ್ಯಾಜಿಕ್ ಅಡೆಪ್ಟ್ ಫೀಟ್ (ಪಾತ್ರ ಆಯ್ದುಕೊಳ್ಳಬಹುದಾದ ಹೆಚ್ಚುವರಿ ಸಾಮರ್ಥ್ಯ) ನೆನಪಿಸಿ. ಎರಡು ಆಯ್ಕೆ ಮತ್ತು ಎರಡು ಪಾಯಿಂಟ್ ಅವರಿಗೂ ಸಿಗುವುದರಿಂದ ಸಾರ್ಸರರ್‌ನ ಅಂಗಳ ಅವರಿಗೆ ಮುಚ್ಚಿಲ್ಲ.

2024ರ ನಿಯಮ ಬಳಸುವವರಿಗೆ

ಪರಿಷ್ಕೃತ ನಿಯಮಗಳಲ್ಲಿ ಐದನೇ ಲೆವೆಲ್‌ನ ಸಾರ್ಸರರ್ ಒಂಬತ್ತು ಮಂತ್ರಗಳನ್ನು ಸಿದ್ಧಪಡಿಸುತ್ತಾನೆ, ಇಪ್ಪತ್ತನೇ ಲೆವೆಲ್‌ನಲ್ಲಿ ಇಪ್ಪತ್ತೆರಡು. ಡ್ರಾಕೋನಿಕ್, ಅಬೆರಂಟ್, ಕ್ಲಾಕ್‌ವರ್ಕ್ ಮೂಲಗಳಿಗೆ ಸ್ವಂತ ಪಟ್ಟಿ ಇದೆ. ಮೆಟಾಮ್ಯಾಜಿಕ್ ಎರಡನೇ ಲೆವೆಲ್‌ಗೇ ಬಂದಿದೆ, ಹತ್ತು ಮತ್ತು ಹದಿನೇಳರಲ್ಲಿ ಎರಡೆರಡು ಸೇರುತ್ತವೆ. ಪಾಯಿಂಟ್ ಮರಳಿಕೆ ಐದನೇ ಲೆವೆಲ್‌ನಲ್ಲಿದೆ; ಕೇರ್‌ಫುಲ್ ಬಳಸಿದರೆ ಆಯ್ದ ಸಂಗಾತಿಗಳಿಗೆ ಹಾನಿಯಾಗುವುದಿಲ್ಲ; ಟ್ವಿನ್ಡ್ ಈಗ ಮೇಲಿನ ದರ್ಜೆಯ ಸ್ಲಾಟ್‌ನಿಂದ ಹೆಚ್ಚು ಗುರಿಗಳನ್ನು ಮುಟ್ಟುವ ಮಂತ್ರಗಳಿಗೆ ಮಾತ್ರ ಸೀಮಿತವಾಗಿರುವುದರಿಂದ ಜೋಡಿ ಹೇಸ್ಟ್ ಹೋಗಿದೆ. ಇದಲ್ಲದೆ ಇನ್ನೇಟ್ ಸಾರ್ಸರಿ ಎಂಬ ಹೊಸ ಸಾಮರ್ಥ್ಯ ಲಾಂಗ್ ರೆಸ್ಟ್‌ಗೆ ಎರಡು ಸಲ, ತಲಾ ಒಂದು ನಿಮಿಷ, ಮಂತ್ರಗಳ ಸೇವ್ ಡಿಸಿಯನ್ನು (ಸೇವ್ ಗೆಲ್ಲಲು ಬೇಕಾದ ಅಂಕವನ್ನು) ಒಂದರಷ್ಟು ಏರಿಸಿ ಸಾರ್ಸರರ್ ಮಂತ್ರಗಳ ದಾಳಿಗೆ ಅಡ್ವಾಂಟೇಜ್ ಕೊಡುತ್ತದೆ. ಪಟ್ಟಿ ಇಲ್ಲದೆ ಉಳಿದಿರುವುದು ವೈಲ್ಡ್ ಮ್ಯಾಜಿಕ್ ಒಂದೇ. ಅದಕ್ಕೆ ಬೇಕಿದ್ದರೆ ಮೂರನೇ ಲೆವೆಲ್‌ನಿಂದ ಚಿಕ್ಕದೊಂದು ಪಟ್ಟಿ ಸೇರಿಸಬಹುದು, ಹತ್ತು ಬೇಡ, ಐದು ಸಾಕು.

2014ರ ಪಾತ್ರವನ್ನು ನಡುವೆಯೇ 2024ಕ್ಕೆ ದಾಟಿಸುವಾಗ ಮೇಲಿನ ಮೂರೂ ತಿದ್ದುಪಡಿಗಳನ್ನು ಹಾಳೆಯಿಂದ ತೆಗೆದುಹಾಕಿ, ಹೊಸ ಕೋಷ್ಟಕದಿಂದಲೇ ಆರಂಭಿಸಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಮುಂದಿನ ದೂರು ವಿಜರ್ಡ್ ಆಡುವವರಿಂದ ಬರುತ್ತದೆ.